ಮಾಸ್ತರ ನೋಟ್‌ಬುಕ್ಕಿನ ‘ಸಿ’

ಆ ಶುಕ್ರವಾರ

2025ರ ಏಪ್ರಿಲ್ 18, ಗುಡ್ ಫ್ರೈಡೇ. ಮಧ್ಯಾಹ್ನ 3 ಗಂಟೆ. ಕಾರವಾರ–ಅಂಕೋಲಾ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಊರಿನ ಚರ್ಚು. ಒಳಗೆ ಸುಮಾರು 300 ಜನ, ಪೋರ್ಟಿಕೋದಲ್ಲಿ ಇನ್ನಷ್ಟು ಜನ. ಮೈಕುಗಳ ಸದ್ದು ಏರಿಸಿ ಇಳಿಸುವ ಮಿಕ್ಸರ್ ಮುಂದೆ ನಾನಿದ್ದೆ.

ಆ ದಿನ ಸಂತ ಯೊವಾನ್ನರ ಶುಭಸಂದೇಶದಿಂದ ಯೇಸುವಿನ ಪಾಡು-ಮರಣದ ಕಥನ ಓದುತ್ತಾರೆ. ಮೂವರು ಹಂಚಿಕೊಂಡು ಓದುವ ಉದ್ದದ ಓದು. ವಾದ್ಯ ಇಲ್ಲ, ಗಂಟೆ ಇಲ್ಲ. ಇಡೀ ವರ್ಷದಲ್ಲಿ ಮಾತಿನ ಮೇಲೇ ನಿಂತಿರುವ ಪ್ರಾರ್ಥನೆ ಅಂದರೆ ಇದೇ.

ಎರಡು ನಿಮಿಷ ಆಗಿರಲಿಲ್ಲ, ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು. ಸದ್ದು ಬೇಕಾದಷ್ಟಿತ್ತು, ಮಾತು ಮಾತ್ರ ಗೊತ್ತಾಗುತ್ತಿರಲಿಲ್ಲ. ನಾನು ಇನ್ನಷ್ಟು ಏರಿಸಿದೆ. ಮೈಕ್ ಕುಂಯ್ ಎಂದಿತು. ಇಳಿಸಿದೆ. ಓದುತ್ತಿದ್ದವರಿಗೆ ತಮ್ಮದೇ ದನಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದು ಕೇಳುತ್ತಿತ್ತು. ಅವರು ತಡವರಿಸಿದರು, ಆಮೇಲೆ ಗಾಬರಿಯಲ್ಲಿ ಬೇಗ ಬೇಗ ಓದಿದರು. ಬೇಗ ಓದಿದಷ್ಟೂ ಕಲಸಿಹೋಯಿತು.

ಪ್ರಾರ್ಥನೆ ಮುಗಿದ ಮೇಲೆ ಕೊನೆಯ ಬೆಂಚಿನ ಅಜ್ಜಿಯೊಬ್ಬರು ನನ್ನ ಹತ್ತಿರ ಬಂದರು. “ಇವತ್ತು ಏನೂ ತಿಳೀಲಿಲ್ಲ ತಮ್ಮಾ. ಮಾಸ್ತರು ಇದ್ದಿದ್ರೆ…” ಅಂದು ಅಲ್ಲಿಗೇ ನಿಲ್ಲಿಸಿದರು. ನನ್ನ ತೋಳು ಒಮ್ಮೆ ಮುಟ್ಟಿ ಹೋದರು.

ಮಾಸ್ತರು ಜನವರಿಯಲ್ಲಿ ತೀರಿಕೊಂಡಿದ್ದರು. ಈ ಶುಕ್ರವಾರದ ಮರುದಿನ ರಾತ್ರಿ 8ಕ್ಕೆ ಪಾಸ್ಖ ಜಾಗರಣೆ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪ್ರಾರ್ಥನೆ. ನಮ್ಮ ಕೈಯಲ್ಲಿದ್ದದ್ದು ಒಂದು ರಾತ್ರಿ, ಒಂದು ಹಗಲು. ಆ ಹೊತ್ತಿನಲ್ಲಿ ಏನು ಮಾಡಿದೆವು, ಏನು ತಪ್ಪಿದೆವು ಎಂಬುದನ್ನು ಬರೆದಿಡುತ್ತಿದ್ದೇನೆ. ಮಾಸ್ತರು ಯಾರು ಎಂದು ಹೇಳದೆ ಇದನ್ನು ಹೇಳಲು ಆಗುವುದಿಲ್ಲ.

ಮಾಸ್ತರು

ಅವರ ಹೆಸರು ಬರೆಯುವುದು ಮನೆಯವರಿಗೆ ಇಷ್ಟವಿಲ್ಲ. ಊರಿಗೆಲ್ಲ ಅವರು ಮಾಸ್ತರು. ಚರ್ಚಿನ ಹಾಡು ಕಲಿಸುವ ಮಾಸ್ತರು. ನಮ್ಮಂಥವರಿಗೆ ಮೈಕಿನ ಮಾಸ್ತರು. ನಾನು ಆ ಚರ್ಚಿನವನಲ್ಲ. ಯಕ್ಷಗಾನ, ಮದುವೆ, ಜಾತ್ರೆಗೆ ಮೈಕ್ ಸೆಟ್ ಹಾಕುವವನು. ಕೇಬಲ್ ಸುತ್ತುವುದರಿಂದ ಹಿಡಿದು ಎಲ್ಲವನ್ನೂ ಅವರ ಹತ್ತಿರವೇ ಕಲಿತೆ.

ಕಾರವಾರ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪರ ಕೈಕೆಳಗಿನ ಚರ್ಚುಗಳ ವ್ಯಾಪ್ತಿ, 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಅದಕ್ಕೂ ಹಿಂದಿನಿಂದ ಇಲ್ಲಿಯ ಚರ್ಚುಗಳ ಹಾಡಿಗೆ ಗೋವಾದ ನಂಟು. ಗೋವಾದ ಚರ್ಚು ಶಾಲೆಗಳಲ್ಲಿ ಮಕ್ಕಳಿಗೆ ಪ್ರಾರ್ಥನೆಯ ಜೊತೆ ದೋ-ರೆ-ಮಿ ಓದುವುದನ್ನು, ಪಿಟೀಲು ಹಿಡಿಯುವುದನ್ನು ಕಲಿಸುತ್ತಿದ್ದರು. ಕಾಳಿ ನದಿಯ ಈಚೆ ದಡದ ಮಕ್ಕಳಿಗೂ ಅದರ ಪಾಲು ಸಿಕ್ಕಿತು. ಮಾಸ್ತರು ಹಾಗೆ ಕಲಿತವರು. ಅವರು ಹುಡುಗರಾಗಿದ್ದಾಗ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಹೊರಳುತ್ತಿದ್ದ ಕಾಲ. ಕ್ಯಾಥೋಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನೆಯ ಬಗ್ಗೆ ತನ್ನ ಶಾಸನ ಹೊರಡಿಸಿದ ಮೇಲೆ ಎಲ್ಲ ಕಡೆ ಹೊಸ ಹಾಡು ಬೇಕಾದವು. ಕೊಂಕಣಿ ಹಾಡು, ಕನ್ನಡ ಹಾಡು. ಹಳೆಯ ರಾಗಕ್ಕೆ ಹೊಸ ಮಾತು ಕೂರಿಸುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದೇ ದೊಡ್ಡ ಪ್ರಶ್ನೆ ಆಗಿತ್ತಂತೆ. ಮಾತು ಮುರಿಯದ ಹಾಗೆ ಉಸಿರು. ಇದು ಅವರ ತಲೆಯಿಂದ ಕೊನೆಯವರೆಗೂ ಹೋಗಲಿಲ್ಲ.

ಇಪ್ಪತ್ತು ದಾಟಿದ ಮೇಲೆ ಪಿಟೀಲು ಹಿಡಿದು ಮುಂಬೈಗೆ ಹೋದರು. ಆಗ ಹಿಂದಿ ಸಿನಿಮಾ ವಾದ್ಯವೃಂದಗಳ ತುಂಬ ಗೋವಾದವರು. ಶಂಕರ್–ಜೈಕಿಶನ್ ಹಾಡುಗಳಿಗೆ ವಾದ್ಯ ಸಂಯೋಜನೆ ಬರೆಯುತ್ತಿದ್ದ ಸೆಬಾಸ್ಟಿಯನ್ ಡಿಸೋಜಾ, ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಥೋನಿ ಗೊನ್ಸಾಲ್ವಿಸ್ ಅಂಥವರ ಹೆಸರು ಹೇಳುವಾಗ ಮಾಸ್ತರು ಎದ್ದು ನಿಂತುಬಿಡುತ್ತಿದ್ದರು. ಅವರಿಗೆ ಮಾತ್ರ ಅಲ್ಲಿ ಕುರ್ಚಿ ಸಿಗಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತರು, ಆಮೇಲೆ ಒಂದು ಸ್ಟುಡಿಯೋದಲ್ಲಿ ಕೇಬಲ್ ಎಳೆಯುವ ಕೆಲಸ. ಮೈಕನ್ನು ಒಂದು ಗೇಣು ಸರಿಸಿದರೆ ಪಿಟೀಲಿನ ದನಿ ಹೇಗೆ ಬದಲಾಗುತ್ತದೆ ಎಂದು ಅಲ್ಲಿ ಕಂಡರು. ಅಪ್ಪನ ಕಾಯಿಲೆ ಅಂತ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಎರಡು ಹಾರ್ನ್, ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಮೈಕ್ ಸರ್ವಿಸ್ ಶುರು ಮಾಡಿದರು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಹಾರ್ಮೋನಿಯಂ. ಉಳಿದ ದಿನ ಯಾರು ಕರೆದರೆ ಅಲ್ಲಿ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ ಒಂಬತ್ತು ದಿನ ಅಲ್ಲೇ.

ಯಕ್ಷಗಾನಕ್ಕೆ ಮೊದಲ ಸಲ ಜೊತೆಗೆ ಹೋದಾಗ ನಾನು ಚಂಡೆಗೂ ಮೈಕ್ ಇಟ್ಟಿದ್ದೆ. ಮಾಸ್ತರು ಸುಮ್ನೆ ಬಂದು ಅದನ್ನು ತೆಗೆದರು. “ಚಂಡೆ ಪಕ್ಕದ ಊರಿಗೂ ಕೇಳ್ತದೆ ತಮ್ಮಾ. ಭಾಗವತರ ಮಾತು ಕಡೇ ಚಾಪೆಗೆ ಕೇಳ್ತದಾ ನೋಡು.” ಚರ್ಚಿನಲ್ಲಿ ಅವರು ಕೇಳುತ್ತಿದ್ದದ್ದೂ ಇದನ್ನೇ. ಚಾಪೆಯ ಜಾಗದಲ್ಲಿ ಬೆಂಚು, ಅಷ್ಟೇ.

ಅವರ ಕಿವಿ ಹೇಗಿತ್ತು ಎನ್ನುವುದಕ್ಕೆ ಒಂದೇ ಮಾತು ಹೇಳುತ್ತೇನೆ. ಮೈಕ್ ಕೂಗಿದರೆ ನಾವು ಯಾವ ಬಟನ್ ಅಂತ ಹುಡುಕುತ್ತೇವೆ. ಅವರು “ಮಿ ಕೂಗ್ತಾ ಉಂಟು” ಅನ್ನುತ್ತಿದ್ದರು. ನೇರ ಅಲ್ಲಿಗೇ ಕೈ ಹಾಕಿ ಇಳಿಸುತ್ತಿದ್ದರು. ಕೂಗು ನಿಲ್ಲುತ್ತಿತ್ತು.

ಕಟ್ಟಡ

ಹಳೆಯ ಚರ್ಚಿಗೆ ಮಂಗಳೂರು ಹಂಚು, ಮರದ ತೊಲೆ, ಹಲಗೆಯ ಒಳಮಾಡು ಇತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕರಾವಳಿಯ ಮನೆ, ಶಾಲೆ, ದೇವಸ್ಥಾನ, ಚರ್ಚುಗಳ ಮಾಡು ಎಲ್ಲ ಒಂದೇ ಥರ ಆಯಿತು, ಅಲ್ವಾ. ಹಂಚಿನ ಸಂದಿಯಿಂದ ಸದ್ದು ಹೊರಗೆ ಸೋರಿಹೋಗುತ್ತದೆ. ಹಲಗೆ ಒಂದಿಷ್ಟು ಕುಡಿಯುತ್ತದೆ. ಅಂಥ ಜಾಗದಲ್ಲಿ ಮೈಕೇ ಇಲ್ಲದೆ ಪಾದ್ರಿಗಳ ಮಾತು ಕೇಳುತ್ತಿತ್ತು.

ಸುಮಾರು ಹತ್ತು ವರ್ಷದ ಹಿಂದೆ ಮಾಡು ಬಿಚ್ಚಿ ಸ್ಲ್ಯಾಬ್ ಹಾಕಿದರು. ನೆಲಕ್ಕೆ ಹೊಳೆಯುವ ಟೈಲ್ಸ್ ಬಂತು. ಮಳೆ ಸೋರುವುದು ನಿಂತಿತು. ಅದು ಬೇಕಿತ್ತು, ಯಾರನ್ನೂ ದೂರುವ ಹಾಗಿಲ್ಲ. ಆದರೆ ಒಳಗಿನ ಸದ್ದಿಗೆ ಹೋಗಲು ದಾರಿಯೇ ಉಳಿಯಲಿಲ್ಲ.

ಇದನ್ನು ಲೆಕ್ಕ ಹಾಕಬಹುದು. 24 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 7 ಮೀಟರ್ ಎತ್ತರ. ಒಟ್ಟು 1680 ಘನ ಮೀಟರ್. ಹಾರ್ವರ್ಡಿನ ವಾಲೇಸ್ ಸಾಬಿನ್ 1890ರ ದಶಕದಲ್ಲಿ ಒಂದು ಸೂತ್ರ ಕಂಡುಹಿಡಿದರು. ಅಲ್ಲಿಯ ಒಂದು ಪಾಠದ ಕೋಣೆಯಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಅವರು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದಾಗಿ ಇಟ್ಟು, ಸದ್ದು ಅಡಗುವ ಹೊತ್ತನ್ನು ಅಳೆದರು. ಘನ ಅಳತೆಯನ್ನು 0.161ರಿಂದ ಗುಣಿಸಿ, ಆ ಜಾಗ ಎಷ್ಟು ಸದ್ದು ಕುಡಿಯುತ್ತದೋ ಅದರಿಂದ ಭಾಗಿಸಿದರೆ ಅನುರಣನೆಯ ಹೊತ್ತು, ಅಂದರೆ ಸದ್ದು ನಿಲ್ಲಿಸಿದ ಮೇಲೂ ಅದು ಗುಂಯ್‌ಗುಡುತ್ತ ಉಳಿಯುವ ಹೊತ್ತು, ಸಿಗುತ್ತದೆ. ನಮ್ಮ ಚರ್ಚು ಖಾಲಿ ಇದ್ದಾಗ ಸುಮಾರು 4 ಸೆಕೆಂಡ್. ಮಾತಿಗೆ 1 ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಮನುಷ್ಯರ ಮೈ, ಬಟ್ಟೆ ಸದ್ದನ್ನು ಚೆನ್ನಾಗಿ ಕುಡಿಯುತ್ತವೆ. 150 ಜನ ಕೂತರೆ 4 ಸೆಕೆಂಡ್ 2ಕ್ಕೆ ಇಳಿಯುತ್ತದೆ. 300 ಜನಕ್ಕೆ 1.3ರ ಹತ್ತಿರ.

ಹಾಗಾದರೆ ಶುಕ್ರವಾರ ಜನ ತುಂಬಿದ್ದರೂ ಯಾಕೆ ಕೆಟ್ಟಿತು? ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಅದು.

ಅನುರಣನೆ ಮಾತನ್ನು ಹೇಗೆ ನುಂಗುತ್ತದೆ ಎಂದು ಮಾಸ್ತರು ಮಕ್ಕಳಿಗೆ ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಪಾಪ, ಶಾಪ, ತಾಪ. ಮೂರರಲ್ಲೂ ‘ಆ’ ಉದ್ದಕ್ಕಿದೆ, ಗಟ್ಟಿಯಿದೆ. ಮೂರನ್ನೂ ಬೇರೆ ಮಾಡುವುದು ಮೊದಲಿನ ಪ, ಶ, ತ. ಅವು ಗಿಡ್ಡ, ಮೆತ್ತಗೆ. ಹಿಂದಿನ ಪದದ ‘ಆ’ ಇನ್ನೂ ಗಾಳಿಯಲ್ಲಿ ಗುಂಯ್‌ಗುಡುತ್ತಿದ್ದರೆ ಮುಂದಿನ ಪದದ ‘ಶ’ ಅದರಡಿ ಮುಳುಗುತ್ತದೆ. ಆಗ ಅಜ್ಜಿಗೆ ಕೇಳುವುದು ಬರೀ ಆ, ಆ, ಆ. ನೀವು ಸದ್ದು ಏರಿಸಿದರೆ ಏರುವುದೂ ಅದೇ ‘ಆ’.

ನೋಟ್‌ಬುಕ್

ಶುಕ್ರವಾರ ರಾತ್ರಿ ಮಾಸ್ತರ ಮನೆಗೆ ಹೋದೆ. ಅವರ ಹೆಂಡತಿ, ನಾವೆಲ್ಲ ಬಾಯಿ ಎಂದು ಕರೆಯುವವರು, ಕೇಳುವ ಮೊದಲೇ ಒಳಗಿಂದ ಒಂದು ನೋಟ್‌ಬುಕ್ ತಂದು ಕೊಟ್ಟರು. “ಇದಕ್ಕೇ ಬಂದ್ಯಲ್ಲ?” ಅಂದರು. ಹೊರಗೆ ನೀಲಿ ಬೈಂಡು. ಒಳಗೆ ಪುಟ ಪುಟವೂ ಸಣ್ಣ ಅಕ್ಷರ, ಕನ್ನಡ ಲಿಪಿಯ ಕೊಂಕಣಿ.

ಡಿಜಿಟಲ್ ಮಿಕ್ಸರಿನಲ್ಲಿ ಅವರು ಉಳಿಸಿಟ್ಟಿದ್ದ ಸೆಟ್ಟಿಂಗ್ ಒಂದೂ ಇರಲಿಲ್ಲ. ಫೆಬ್ರವರಿಯಲ್ಲಿ ಒಂದು ಮದುವೆಗೆ ಹೊರಗಿನಿಂದ ಬಂದ ಹುಡುಗರು ಅದನ್ನು ಪೂರ್ತಿ ರೀಸೆಟ್ ಮಾಡಿದ್ದರು. ನನಗೆ ಅದು ಶುಕ್ರವಾರ ಗೊತ್ತಾಯಿತು. ಒಂದು ದಿನ ಮೊದಲೇ ಬಂದು ನೋಡಬೇಕಿತ್ತು. ನೋಡಲಿಲ್ಲ. ಆ ಅಜ್ಜಿಯ ಶುಕ್ರವಾರ ಹೋದದ್ದರಲ್ಲಿ ನನ್ನ ಪಾಲೂ ಇದೆ.

‘ಓದು, ಜನ ತುಂಬಿ’ ಎಂಬ ಪುಟ ಸಿಕ್ಕಿತು. ಮೊದಲ ಸಾಲು: 34+12. ಇದು ನನಗೆ ಕೂಡಲೇ ಹೊಳೆಯಿತು. ಮುಂದೆ ಎರಡು ಕಾಲಂ ಸ್ಪೀಕರ್ ಇವೆ, ಅವುಗಳಿಂದ 12 ಮೀಟರ್ ಹಿಂದೆ ಇನ್ನೆರಡು. ನಮ್ಮ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. 12 ಮೀಟರಿಗೆ 34 ಮಿಲಿಸೆಕೆಂಡ್. ಹಿಂದಿನ ಸ್ಪೀಕರನ್ನು ಅಷ್ಟು ತಡ ಮಾಡದಿದ್ದರೆ ಹಿಂದೆ ಕೂತವರಿಗೆ ಒಂದೇ ಮಾತು ಎರಡು ಸಲ ಬಂದು ಕಲಸಿಹೋಗುತ್ತದೆ. ಮೇಲಿನ 12 ಯಾಕೆ? ಮೊದಲು ಬಂದ ಸದ್ದು ಯಾವ ಕಡೆಯಿಂದ ಬಂತೋ ಕಿವಿ ಆ ಕಡೆಯನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಅಳೆದು ತೋರಿಸಿದರು. ಇನ್ನೊಂದು 12 ತಡ ಮಾಡಿದರೆ ಸದ್ದು ಹತ್ತಿರದ ಸ್ಪೀಕರಿನಿಂದ ಬಂದರೂ ಜನರಿಗೆ ಮಾತು ಪೀಠದ ಕಡೆಯಿಂದಲೇ ಬಂದ ಹಾಗೆ ಕೇಳುತ್ತದೆ. ಓದುವವರ ಮುಖ ನೋಡಿಕೊಂಡು ಕೇಳಬಹುದು. ಶುಕ್ರವಾರ ಅಲ್ಲಿ 46ರ ಬದಲು ಸೊನ್ನೆ ಇತ್ತು.

ಎರಡನೇ ಸಾಲಿಗೆ ಬಂದು ಸಿಕ್ಕಿಬಿದ್ದೆ. ‘ಸಿ ಮೈನಸ್ 6. ಮಿ ಮೈನಸ್ 4. ಸಿ ಪ್ಲಸ್ 2.’ ಮೊದಲ ಸಿ ಕೆಳಗೆ ಒಂದು ಚುಕ್ಕಿ. ಮಿ ಮೇಲೆ ಒಂದು ಚುಕ್ಕಿ. ಕೊನೆಯ ಸಿ ಮೇಲೆ ಎರಡು. ಸಿ ಅಂದರೆ ಯಾವುದೋ ಚಾನೆಲ್ ಇರಬೇಕು ಅಂದುಕೊಂಡೆ. ರಾತ್ರಿ 2ರವರೆಗೆ ಏನೇನೋ ಮಾಡಿ ನೋಡಿದೆ. ಒಂದೂ ಹೊಂದಲಿಲ್ಲ.

ಬೆಳಿಗ್ಗೆ ಕೀಬೋರ್ಡ್ ನುಡಿಸುವ ಹುಡುಗಿ ಬಂದಳು. ಆರು ವರ್ಷ ಮಾಸ್ತರ ಹತ್ತಿರ ಕಲಿತವಳು. ಪುಟ ನೋಡಿ, ಅರೆಕ್ಷಣವೂ ಯೋಚಿಸದೆ, “ಅಣ್ಣಾ, ಇದು ಸ್ವರ ಅಲ್ವಾ?” ಅಂದಳು. “ದೋ ರೆ ಮಿ ಫಾ ಸೋಲ್ ಲಾ ಸಿ. ಚುಕ್ಕಿ ಕೆಳಗಿದ್ರೆ ಕೆಳಗಿನ ಸ್ಥಾಯಿ.”

ಅವಳು ಒಂದೊಂದನ್ನೇ ನುಡಿಸಿದಳು. ಪಿಟೀಲು ಶ್ರುತಿ ಮಾಡುವ ಲಾ 440 ಹರ್ಟ್ಜ್, ಅಂದರೆ ಸೆಕೆಂಡಿಗೆ 440 ಕಂಪನ, ಎಂದು ನನಗೆ ಗೊತ್ತು. ಅಲ್ಲಿಂದ ಎಣಿಸಿದೆ. ಕೆಳಗಿನ ಸಿ 247. ಅಂದರೆ ಸದ್ದಿನ ಒಂದೊಂದು ಪಟ್ಟಿಯನ್ನು ಬೇರೆ ಬೇರೆ ಏರಿಸಿ ಇಳಿಸುವ ಈಕ್ವಲೈಸರಿನ 250ರ ಪಟ್ಟಿ. ಗುಂಯ್‌ಗುಡುವ ‘ಆ’ ಇರುವ ಜಾಗ. ಮೇಲಿನ ಮಿ 659, ಅದು 630ರ ಪಟ್ಟಿ. ಆ ಮೈಕ್ ಕೂಗುವ ಜಾಗ. ಎರಡು ಚುಕ್ಕಿಯ ಸಿ 1976, ಅಂದರೆ 2000ದ ಪಟ್ಟಿ. ಪ, ಶ, ತ ಸ್ಪಷ್ಟವಾಗುವ ಜಾಗ. 250, 500, 1000, 2000 ಎಲ್ಲವೂ ಹೆಚ್ಚುಕಮ್ಮಿ ‘ಸಿ’ ಎಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಅವರ ಕಲಿಕೆ ನಮ್ಮಿಬ್ಬರಲ್ಲಿ ಅರ್ಧರ್ಧ ಹಂಚಿಹೋಗಿತ್ತು. ಅವಳಿಗೆ ಸ್ವರ ಕೊಟ್ಟಿದ್ದರು, ನನಗೆ ಮಿಕ್ಸರ್ ಕೊಟ್ಟಿದ್ದರು. ಅವರಿಗೆ ಅದು ಎರಡಾಗಿ ಇರಲೇ ಇಲ್ಲ. ಮುಂಬೈಯಲ್ಲಿ ಪಿಟೀಲಿನ ಕುರ್ಚಿ ಸಿಗದೆ ಕೇಬಲ್ ಎಳೆದರು ಎಂದು ಹೇಳುವಾಗ ನಾನು ಯಾವಾಗಲೂ ಪಾಪ ಅಂದುಕೊಳ್ಳುತ್ತಿದ್ದೆ. ಅಲ್ಲಿ ಅವರು ಪಿಟೀಲು ಬಿಟ್ಟಿರಲೇ ಇಲ್ಲ.

ಕೌದಿ

ಎಲ್ಲ ಹಾಕಿ ಪರೀಕ್ಷೆ ಮಾಡಿದೆವು. ಅವಳು ಓದಿದಳು, ನಾನು ಕೊನೆಯ ಬೆಂಚಿನಲ್ಲಿ ಕೂತೆ. ಬಹಳ ಸುಧಾರಿಸಿತ್ತು. ಆದರೂ ಓದುವಾಗ ಅವಳಿಗೆ ತನ್ನ ಮಾತು ತಡವಾಗಿ ಕೇಳುತ್ತಿತ್ತು. ಓದುವ ಪೀಠದಿಂದ ಹಿಂದಿನ ಗೋಡೆಗೆ 21 ಮೀಟರ್. ಹೋಗಿ ಬರಲು 42. ಸೆಕೆಂಡಿನ ಎಂಟನೇ ಒಂದು ಪಾಲಿನಷ್ಟು ತಡ. ಇದು ಜನ ತುಂಬಿದರೂ ಹೋಗುವುದಿಲ್ಲ, ಯಾಕೆಂದರೆ ಆ ಗೋಡೆಯ ಮೇಲ್ಭಾಗದಲ್ಲಿ ಜನ ಕೂರುವುದಿಲ್ಲ.

ಗೋಡೆ ನೋಡಿದೆ. ಹೊಸ ಸುಣ್ಣ. ಬೆಳ್ಳಗೆ, ಬೋಳಾಗಿ ನಿಂತಿತ್ತು.

ಮೊದಲು ಅಲ್ಲಿ ಕೌದಿಗಳಿದ್ದವು. ಎಂಟು ಕೌದಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೇ ಸೀರೆ, ಅಂಗಿಗಳ ತುಂಡು ಸೇರಿಸಿ, ಪದರದ ಮೇಲೆ ಪದರ ಇಟ್ಟು ಕೈಯಲ್ಲಿ ಹೊಲಿಯುವ ದಪ್ಪ ಕೌದಿ. ಸ್ಲ್ಯಾಬ್ ಹಾಕಿದ ವರ್ಷ ಮಾಸ್ತರು ಬಸ್ಸಿನಲ್ಲಿ ಹೋಗಿ ತಂದಿದ್ದರು. ಗೋಡೆಗೆ ಅಂಟಿಸಿರಲಿಲ್ಲ. ಬಿದಿರಿನ ಗಳ ಕಟ್ಟಿ, ಗೋಡೆಯಿಂದ ಒಂದು ಗೇಣು ಈಚೆ ತೂಗುಬಿಟ್ಟಿದ್ದರು. ಗೋಡೆಗೆ ತಾಗಿದ ಬಟ್ಟೆ ಬರೀ ಚಿಲಿಪಿಲಿ ಸದ್ದು ಕುಡಿಯುತ್ತದೆ. ಹಿಂದೆ ಗಾಳಿ ಬಿಟ್ಟರೆ ಇನ್ನಷ್ಟು ಕೆಳಗಿನ ಸ್ವರವನ್ನೂ ಹಿಡಿಯುತ್ತದೆ. ನಾವೆಲ್ಲ ಅದನ್ನು ಅಲಂಕಾರ ಅಂದುಕೊಂಡಿದ್ದೆವು. ಬಣ್ಣ ಬಣ್ಣದ್ದು, ಚೆಂದ ಇತ್ತು.

ಸುಣ್ಣ ಬಳಿಯುವಾಗ ತೆಗೆದು, ಒಗೆದು, ಮಡಿಸಿ ಇಟ್ಟಿದ್ದರು. ಮತ್ತೆ ಕಟ್ಟಲು ಯಾರಿಗೂ ತೋಚಿರಲಿಲ್ಲ. ಅದು ಬೇಕೇ ಬೇಕು ಎಂದು ಹೇಳುವವರು ಇರಲಿಲ್ಲವಲ್ಲ. ಫಾದರ್ ತಾವೇ ಏಣಿ ಹಿಡಿದು ನಿಂತರು. ಏಳು ಸಿಕ್ಕವು. ಎಂಟನೆಯದು ಬಾಯಿಯ ಮನೆಯಲ್ಲಿತ್ತು. ಕೊನೆಯ ದಿನಗಳಲ್ಲಿ ಮಾಸ್ತರಿಗೆ ಚಳಿ ಅಂತ ಹೊದಿಸಲು ಒಯ್ದಿದ್ದರು. ಅದನ್ನು ನಾವು ಕೇಳಲಿಲ್ಲ. ಬಾಯಿ ತಾವೇ ಮಧ್ಯಾಹ್ನ ತಂದುಕೊಟ್ಟರು.

ಗ್ಲೋರಿಯಾ

ಜಾಗರಣೆಯ ಪುಟದಲ್ಲಿ ಒಂದು ಸಾಲು ಉಳಿದಿತ್ತು. ‘ಗ್ಲೋರಿಯಾ, ಎಲ್ಲ 0.’ ಗ್ಲೋರಿಯಾ ಅಂದರೆ ಪೂಜೆಯಲ್ಲಿ ಹಾಡುವ ದೇವರ ಮಹಿಮೆಯ ಹಾಡು.

ಮಿಕ್ಸರಿನಲ್ಲಿ 0 ಅಂದರೆ ಬಂದ್ ಅಲ್ಲ. ಸದ್ದು ಹೇಗೆ ಬಂತೋ ಹಾಗೇ ಬಿಡುವ ಗುರುತು ಅದು, ಅಂದರೆ ಚೆನ್ನಾಗಿ ತೆರೆದ ಹಾಗೆ. ಪವಿತ್ರ ಗುರುವಾರದ ಗ್ಲೋರಿಯಾ ಆದ ಮೇಲೆ ಸುಮ್ಮನಾದ ಗಂಟೆಗಳು ಮತ್ತೆ ಬಾರಿಸುವುದು ಈ ಗ್ಲೋರಿಯಾಕ್ಕೆ. ವಾದ್ಯವೂ ಆಗಲೇ ತುಂಬು ದನಿಯಲ್ಲಿ ಮರಳುತ್ತದೆ. ಎಲ್ಲ ಮೈಕ್ ತೆರೆಯುವುದೇ ಸರಿ ಎಂದು ನಾನು ವಾದಿಸಿದೆ. ಹುಡುಗಿ ಒಪ್ಪಲಿಲ್ಲ. “ಇಲ್ಲ ಅಣ್ಣಾ. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಅವರ ಕೈ ಕೆಳಗೆ ಬರ್ತಿತ್ತು. ಪೂರ್ತಿ ಕೆಳಗೆ.”

ರಾತ್ರಿ ಹೊಸ ಬೆಂಕಿ, ದೊಡ್ಡ ಮೇಣದ ಬತ್ತಿ, ಕತ್ತಲಲ್ಲಿ ಪಾಸ್ಖದ ಘೋಷಣೆ. ಉದ್ದದ ಓದುಗಳು. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಕೊನೆಯ ಬೆಂಚಿನ ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ತುಟಿ ಸಣ್ಣಗೆ ಆಡುತ್ತಿತ್ತು.

ಗ್ಲೋರಿಯಾ ಬಂತು. ಗಂಟೆ ಬಾರಿಸಿತು. ಹುಡುಗಿ ಆ ದಿನ ಕೀಬೋರ್ಡ್ ಬಿಟ್ಟು ಮಾಸ್ತರ ಹಾರ್ಮೋನಿಯಂ ಮುಂದೆ ಕೂತಿದ್ದಳು. ಉಪ್ಪುಗಾಳಿಗೆ ರೀಡುಗಳಿಗೆಲ್ಲ ಕಿಲುಬು ಹಿಡಿಯುತ್ತದೆ ಎಂದು ಅವರು ಪ್ರತಿ ಮಳೆಗಾಲದ ಕೊನೆಗೆ ಬಿಚ್ಚಿ ಒರೆಸುತ್ತಿದ್ದ ಹಾರ್ಮೋನಿಯಂ. ಅವಳು ನನ್ನ ಕಡೆ ನೋಡಿದಳು. ನಾನು ಎರಡೂ ಕೈಯಲ್ಲಿ ಎಲ್ಲ ಫೇಡರುಗಳನ್ನು, ಸದ್ದು ಏರಿಸಿ ಇಳಿಸುವ ಆ ಗುಂಡಿಗಳನ್ನು, ಕೆಳಗೆ ಎಳೆದೆ. ಪೂರ್ತಿ ಕೆಳಗೆ.

ಒಂದು ಕ್ಷಣ ಗಾಯನ ಮಂಡಳಿಯ ದನಿ ಸಣ್ಣದಾಯಿತು. ಆ ಜಾಗಕ್ಕೆ ಬೆಂಚುಗಳಿಂದ ದನಿ ಬಂತು. ಮೊದಲು ನಡುವಿನ ಸಾಲು, ಆಮೇಲೆ ಹಿಂದಿನವರು, ಆಮೇಲೆ ಪೋರ್ಟಿಕೋದವರು. 300 ಜನ. ಅದೇ ಸ್ಲ್ಯಾಬು, ಅದೇ ನೆಲ. ಓದನ್ನು ಕಲಸಿದ ಆ ಅನುರಣನೆ ಈಗ ಎಲ್ಲರ ದನಿಯನ್ನೂ ಎತ್ತಿ ಸೇರಿಸುತ್ತಿತ್ತು. ನನಗೆ ಕೈ ನಡುಗಿತು. ಬಾಯಿ ಮುಂದಿನ ಬೆಂಚಿನಲ್ಲಿದ್ದರು. ಅವರು ಹಿಂತಿರುಗಿ ಮಿಕ್ಸರ್ ಕಡೆ ನೋಡಿ, ಮತ್ತೆ ಮುಂದೆ ತಿರುಗಿ ಹಾಡಿದರು.

ಇದನ್ನು ಬರೆಯುವಾಗ 2025ರ ಮೇ ಮೊದಲ ವಾರ. ನೋಟ್‌ಬುಕ್ಕಿನ ನಕಲು ಮಾಡಿಸಿದ್ದೇವೆ. ಒಂದು ಫಾದರ್ ಹತ್ತಿರ, ಒಂದು ಅವಳ ಹತ್ತಿರ, ಒಂದು ನನ್ನ ಹತ್ತಿರ. ಅವಳು ಭಾನುವಾರ ಸಂಜೆ ನನಗೆ ಸ್ವರ ಓದುವುದನ್ನು ಕಲಿಸುತ್ತಿದ್ದಾಳೆ, ನಾನು ಅವಳಿಗೆ ಈಕ್ವಲೈಸರ್. ಎಂಟೂ ಕೌದಿ ಗೋಡೆಯ ಮೇಲಿವೆ. ‘ಮಳೆ’ ಎಂದು ಬರೆದ ಎರಡು ಪುಟ ಇನ್ನೂ ಹಾಗೇ ಇವೆ. ಪೋರ್ಟಿಕೋದ ತಗಡಿನ ಮೇಲೆ ನಮ್ಮ ಮಳೆ ಬಿದ್ದರೆ ಒಳಗೆ ಮಾತೇ ಕೇಳುವುದಿಲ್ಲ. ಅದಕ್ಕೆ ಅವರು ಏನು ಮಾಡುತ್ತಿದ್ದರು ಎಂದು ಅಲ್ಲಿ ಬರೆದಿದೆ. ಅದರಲ್ಲಿ ಒಂದು ‘ರೆ’ ಇದೆ, ಅದರ ಕೆಳಗೆ ಎರಡು ಚುಕ್ಕಿ. ಮಳೆ ಬಂದ ಮೇಲೆ ಹಾಕಿ ನೋಡಬೇಕು.